ಅಮೆರಿಕದ ಪ್ರಜೆ ಅನ್ನಿಸಿಕೊಂಡವರು ಓದಲೇಬೇಕಾದ ಪುಸ್ತಕ ಯಾವುದು?

ಡಲ್ಲಾಸ್ ದಾವಣಗೆರೆ:
ಇನ್ನು ಮೂರು ವಾರಕ್ಕೆ ನನ್ನ ಪೌರತ್ವದ ಸಂದರ್ಶನ. 2025ರ ಅಕ್ಟೋಬರ್ 20ಕ್ಕೆ ಮುಂಚೆಯೇ ಅರ್ಜಿ ಹಾಕಿದ್ದರಿಂದ ನನಗೆ ಹಳೆಯ ಪಟ್ಟಿ. 100 ಪ್ರಶ್ನೆಗಳಲ್ಲಿ 10 ಕೇಳುತ್ತಾರೆ, 6 ಸರಿ ಹೇಳಿದರೆ ಪಾಸು. ಆಮೇಲೆ ಹಾಕಿದವರಿಗೆ ಪಾಪ 128 ಪ್ರಶ್ನೆ, 20 ಕೇಳುತ್ತಾರೆ, 12 ಸರಿ ಇರಬೇಕು.

ರಾತ್ರಿ ಊಟಕ್ಕೆ ಕೂತಾಗ ಮಗಳು ನನ್ನ ಪಾಠ ಒಪ್ಪಿಸಿಕೊಳ್ಳುತ್ತಾಳೆ. ನಿನ್ನೆ ಬಂದ ಪ್ರಶ್ನೆ: ಫೆಡರಲಿಸ್ಟ್ ಪೇಪರ್ಸ್ ಬರೆದವರಲ್ಲಿ ಒಬ್ಬರ ಹೆಸರು ಹೇಳಿ. "ಮ್ಯಾಡಿಸನ್" ಅಂತ ಥಟ್ಟನೆ ಹೇಳಿದೆ. "ಅದರಲ್ಲಿ ಏನಿದೆ ಅಪ್ಪ?" ಅಂದಳು. ಸಾರಿಗೆ ಉಪ್ಪು ಜಾಸ್ತಿಯಾಗಿದೆ ಅಂತ ಮಾತು ಬದಲಿಸಿದೆ.

ಅದಕ್ಕೇ ಕೇಳುತ್ತಿದ್ದೇನೆ. ಈ ದೇಶದ ಪ್ರಜೆ ಓದಲೇಬೇಕಾದದ್ದು ಯಾವುದು, ಯಾಕೆ? ಒಬ್ಬರಿಗೆ ಒಂದೇ ಪುಸ್ತಕ. ನೀವೇ ಓದಿರಬೇಕು. ವಿಕಿಪೀಡಿಯ ನಡೆಯಲ್ಲ.

ಬಾಸ್ಟನ್ ಬಸವನಗುಡಿ:
ಮಗಳ ಮುಂದೆ ಮರ್ಯಾದೆ ಉಳಿಯಬೇಕಲ್ವಾ, ಹಾಗಾದರೆ ಫೆಡರಲಿಸ್ಟ್ ಪೇಪರ್ಸ್ ಓದಿ. ಇದು ಪಂಡಿತರಿಗೆ ಬರೆದ ಗ್ರಂಥವೇನೂ ಅಲ್ಲ. 1787–88ರಲ್ಲಿ ಹೊಸ ಸಂವಿಧಾನ ಒಪ್ಪಬೇಕೋ ಬೇಡವೋ ಅಂತ ಜಗಳ ನಡೆಯುತ್ತಿದ್ದಾಗ ನ್ಯೂಯಾರ್ಕಿನ ಜನರನ್ನು ಒಪ್ಪಿಸೋಕೆ ಪತ್ರಿಕೆಗಳಿಗೆ ಬರೆದದ್ದು. ಒಟ್ಟು 85 ಲೇಖನ. ಹ್ಯಾಮಿಲ್ಟನ್, ಮ್ಯಾಡಿಸನ್, ಜಾನ್ ಜೇ ಮೂವರೂ 'ಪಬ್ಲಿಯಸ್' ಅನ್ನುವ ಒಂದೇ ಹೆಸರಿನಲ್ಲಿ ಬರೆದರು. ಪರೀಕ್ಷೆಯಲ್ಲಿ ಪಬ್ಲಿಯಸ್ ಅಂದರೂ ಉತ್ತರ ಸರಿಯೇ!

85ನ್ನೂ ಓದಿ ಅನ್ನುವಷ್ಟು ಕಟುಕ ನಾನಲ್ಲ. 10 ಮತ್ತು 51 ಸಾಕು. ಜನ ಗುಂಪು ಕಟ್ಟಿಕೊಳ್ಳುವುದನ್ನು ತಡೆಯೋಕಾಗಲ್ಲ, ಆದರೆ ದೇಶ ದೊಡ್ಡದಾದಷ್ಟೂ ಗುಂಪುಗಳು ಹೆಚ್ಚಾಗಿ ಯಾವ ಒಂದು ಗುಂಪಿಗೂ ಎಲ್ಲರ ಮೇಲೆ ಸವಾರಿ ಮಾಡುವುದು ಕಷ್ಟವಾಗುತ್ತದೆ ಅನ್ನುವುದು 10ರ ವಾದ. 51ರಲ್ಲಿ ಮ್ಯಾಡಿಸನ್, ಮನುಷ್ಯರೆಲ್ಲ ದೇವತೆಗಳಾಗಿದ್ದರೆ ಸರ್ಕಾರವೇ ಬೇಕಾಗುತ್ತಿರಲಿಲ್ಲ ಅನ್ನುತ್ತಾನೆ. ಅಧಿಕಾರದಲ್ಲಿರುವವರು ಒಳ್ಳೆಯವರು ಅಂತ ನಂಬಿ ಮನೆ ಕಟ್ಟಬೇಡಿ, ಒಬ್ಬನ ಆಸೆಗೆ ಇನ್ನೊಬ್ಬನ ಆಸೆಯನ್ನೇ ಅಡ್ಡ ಇಡಿ ಅಂತ. ಟಿವಿಯಲ್ಲಿ ಅಧ್ಯಕ್ಷರು, ಕಾಂಗ್ರೆಸ್, ಕೋರ್ಟು ಕಿತ್ತಾಡುವಾಗ ನನಗೆ ಇದೇ ನೆನಪಾಗುತ್ತದೆ.

ಸಾಗರದ ಸೊಸೆ:
ದೇವತೆಗಳ ಮಾತು ಚೆನ್ನಾಗಿದೆ. ಅದನ್ನು ಬರೆದ ಮ್ಯಾಡಿಸನ್ ಮನೆಯಲ್ಲಿ ಗುಲಾಮರಿದ್ದರು ಅನ್ನುವುದನ್ನೂ ಮಗಳಿಗೆ ಹೇಳಬೇಕು ತಾನೇ?

ನನ್ನ ಆಯ್ಕೆ ಫ್ರೆಡೆರಿಕ್ ಡಗ್ಲಸ್ 1845ರಲ್ಲಿ ಬರೆದ ಆತ್ಮಕಥೆ. ಗುಲಾಮನಾಗಿ ಹುಟ್ಟಿ, 1838ರಲ್ಲಿ ತಪ್ಪಿಸಿಕೊಂಡು ಬಂದವನು. ಒಂದು ವಾರಾಂತ್ಯದಲ್ಲಿ ಓದಿ ಮುಗಿಸಬಹುದು.

ಅವನು ಅಕ್ಷರ ಕಲಿತ ಕಥೆ ಕೇಳಿ. ಬಾಲ್ಟಿಮೋರಿನ ಯಜಮಾನಿ ಅಕ್ಷರ ಹೇಳಿಕೊಡಲು ಶುರು ಮಾಡಿದಳು. ಗಂಡ ತಡೆದ. ಓದು ಬಂದರೆ ಇವನು ಗುಲಾಮನಾಗಿ ಉಳಿಯಲ್ಲ ಅಂದ. ಅದನ್ನು ಕೇಳಿಸಿಕೊಂಡ ಹುಡುಗನಿಗೆ ಬಾಗಿಲು ಎಲ್ಲಿದೆ ಅಂತ ಆಗಲೇ ಗೊತ್ತಾಯ್ತು. ಆಮೇಲೆ ಮನೆಯಿಂದ ಬ್ರೆಡ್ಡು ಜೇಬಿಗಿಳಿಸಿ, ಬೀದಿಯ ಹಸಿದ ಬಿಳಿ ಹುಡುಗರಿಗೆ ಕೊಟ್ಟು, ಬದಲಿಗೆ ಅವರಿಂದ ಓದು ಕಲಿತ. ಬರೆಯುವುದನ್ನು ಕಲಿತದ್ದು ಹಡಗು ಕಟ್ಟುವ ಅಂಗಳದಲ್ಲಿ. ಹಡಗಿನ ಎಡಗಡೆಗೆ ಹೋಗುವ ಮರದ ತುಂಡಿಗೆ ಬಡಗಿಗಳು 'ಎಲ್' ಅಂತ ಗುರುತು ಹಾಕುತ್ತಿದ್ದರು, ಬಲಗಡೆಯದಕ್ಕೆ 'ಎಸ್'. ಇಂಥ ಗುರುತುಗಳಿಂದ ನಾಲ್ಕು ಅಕ್ಷರ ಕಲಿತವನೇ ಬೀದಿ ಹುಡುಗರಿಗೆ "ನಿನಗಿಂತ ನನಗೇ ಚೆನ್ನಾಗಿ ಬರೆಯೋಕೆ ಬರುತ್ತೆ" ಅಂತ ಸವಾಲು ಹಾಕುತ್ತಿದ್ದ. ಅವರು ಜಂಬದಲ್ಲಿ ಹೊಸ ಅಕ್ಷರ ಬರೆದು ತೋರಿಸುತ್ತಿದ್ದರು. ಇವನು ಕಲಿತುಬಿಡುತ್ತಿದ್ದ. ಬೇಲಿ, ಇಟ್ಟಿಗೆ ಗೋಡೆ, ರಸ್ತೆಯೇ ಅವನ ಸ್ಲೇಟು.

ಯಜಮಾನರ ಹೆಸರು ಮುಚ್ಚಿಡದೆ ಬರೆದಿದ್ದರಿಂದ ಹಿಡಿದು ವಾಪಸ್ ಕಳಿಸುತ್ತಾರೆ ಅನ್ನುವ ಭಯಕ್ಕೆ ಪುಸ್ತಕ ಬಂದ ಮೇಲೆ ಹಡಗು ಹತ್ತಿ ಐರ್ಲೆಂಡ್, ಬ್ರಿಟನ್ ಕಡೆ ಹೋಗಬೇಕಾಯ್ತು. ಈಗ ಹೇಳಿ, ಸ್ವಾತಂತ್ರ್ಯದ ಬಗ್ಗೆ ಯಾರ ಮಾತು ತೂಕದ್ದು?

ಸುಮ್ನೆ ಸುಬ್ಬಣ್ಣ:
ಸಂವಿಧಾನದ ಬಗ್ಗೆ ಇಷ್ಟು ಮಾತಾಡುತ್ತೀರಿ, ಸಂವಿಧಾನವನ್ನೇ ಓದಿದವರು ಕೈ ಎತ್ತಿ.

ನಮ್ಮ ಭಾರತದ್ದು ಜಗತ್ತಿನಲ್ಲೇ ಉದ್ದದ್ದು, ಅದಕ್ಕೆ ಹೆದರಿದರೆ ಕ್ಷಮೆ ಇದೆ. ಇವರದು 7 ವಿಧಿ, 27 ತಿದ್ದುಪಡಿ, ಅಂಗಿ ಜೇಬಿಗೆ ಹಿಡಿಯುವ ಪುಸ್ತಕ. ಪೆನ್ಸಿಲ್ ಹಿಡಿದು ಓದಿ. ಮೂಲ ಪಾಠದಲ್ಲಿ 'ಗುಲಾಮ', 'ಗುಲಾಮಗಿರಿ' ಅನ್ನುವ ಪದಗಳು ಎಲ್ಲೂ ಸಿಗಲ್ಲ. ಆ ಪದ್ಧತಿ ಮಾತ್ರ ಇದೆ! ರಾಜ್ಯದ ಜನಸಂಖ್ಯೆ ಲೆಕ್ಕ ಹಾಕುವಾಗ 'ಉಳಿದ ಎಲ್ಲ ವ್ಯಕ್ತಿಗಳ' ಐದರಲ್ಲಿ ಮೂರು ಪಾಲು ಸೇರಿಸಿ ಅನ್ನುತ್ತದೆ. ಆ 'ಉಳಿದವರು' ಯಾರು ಅಂತ ಎಲ್ಲರಿಗೂ ಗೊತ್ತಿತ್ತು, ಬರೆಯೋಕೆ ಮಾತ್ರ ನಾಚಿಕೆ. 'ಗುಲಾಮಗಿರಿ' ಅನ್ನುವ ಪದ ಮೊದಲು ಬರುವುದು 1865ರ 13ನೇ ತಿದ್ದುಪಡಿಯಲ್ಲಿ, ಗುಲಾಮಗಿರಿ ಇನ್ನು ಇಲ್ಲ ಅಂತ ಹೇಳುವಾಗ.

ಡಲ್ಲಾಸ್ ಅವರಿಗೆ ಟೆಕ್ಸಾಸ್ ಕಥೆಯೊಂದು. 1982ರಲ್ಲಿ ಅಲ್ಲಿನ ಕಾಲೇಜು ಹುಡುಗನೊಬ್ಬ ಕ್ಲಾಸಿಗೆ ಪ್ರಬಂಧ ಬರೆದ. 1789ರಲ್ಲಿ ಕಾಂಗ್ರೆಸ್ ತನ್ನ ಸದಸ್ಯರ ಸಂಬಳದ ಬಗ್ಗೆ ರಾಜ್ಯಗಳಿಗೆ ಕಳಿಸಿದ ತಿದ್ದುಪಡಿ ಇನ್ನೂ ಸತ್ತಿಲ್ಲ, ರಾಜ್ಯಗಳು ಈಗಲೂ ಒಪ್ಪಬಹುದು ಅಂತ. ಸಿ ಗ್ರೇಡು ಬಂತು. ಸಿಟ್ಟಿಗೆ ರಾಜ್ಯ ರಾಜ್ಯಕ್ಕೂ ಪತ್ರ ಬರೆಯುತ್ತಾ ಹೋದ. 1992ರಲ್ಲಿ ಅದೇ 27ನೇ ತಿದ್ದುಪಡಿಯಾಯ್ತು. ಓದಿದರೆ ಹೀಗೆ ಓದಬೇಕು ನೋಡಿ.

ಹಸಿರು ಕಾರ್ಡು ಹನುಮ:
ಕ್ಷಮಿಸಿ, ನನಗೆ ಪ್ರಶ್ನೆಯೇ ಸರಿ ಕಾಣುತ್ತಿಲ್ಲ. 'ಪ್ರಜೆ ಆದವರು ಓದಲೇಬೇಕು' ಅಂದರೇನು? ನಮ್ಮ ಪಕ್ಕದ ಮನೆ ಅಜ್ಜ ಪ್ಲಂಬರ್ ಆಗಿದ್ದವರು. ಮೇಲೆ ಹೇಳಿದ ಒಂದನ್ನೂ ಓದಿಲ್ಲ. ಊರಿನ ಸಣ್ಣ ಚುನಾವಣೆಗೂ ತಪ್ಪದೆ ಹೋಗುತ್ತಾರೆ, ಹಿಮ ಬಿದ್ದರೆ ನಮ್ಮ ಬಾಗಿಲನ್ನೂ ಗುಡಿಸುತ್ತಾರೆ. ನಾವು ಎಷ್ಟು ಜನ ಹಾಗಿದ್ದೇವೆ?

ಈ 'ಓದು ಬರಬೇಕು' ಅನ್ನುವುದಕ್ಕೆ ಈ ದೇಶದಲ್ಲಿ ಕೆಟ್ಟ ಚರಿತ್ರೆಯೂ ಇದೆ. ಮಿಸಿಸಿಪ್ಪಿ 1890ರಲ್ಲಿ ರಾಜ್ಯದ ಸಂವಿಧಾನಕ್ಕೇ ಒಂದು ಷರತ್ತು ಸೇರಿಸಿತು. ವೋಟು ಬೇಕಾದವನು ಸಂವಿಧಾನದ ಯಾವುದಾದರೂ ಭಾಗ ಓದಬೇಕು, ಇಲ್ಲವೇ ಓದಿದ್ದನ್ನು ಕೇಳಿ ಅರ್ಥ ಹೇಳಬೇಕು. ಅರ್ಥ ಸರಿಯೋ ತಪ್ಪೋ ಅಂತ ತೀರ್ಮಾನ ಮಾಡುವವನು ಕುರ್ಚಿಯ ಮೇಲಿನ ಬಿಳಿ ಗುಮಾಸ್ತ. ಕರಿಯರನ್ನು ದೂರ ಇಡೋಕೆ ಇದಕ್ಕಿಂತ ಸುಲಭದ ದಾರಿ ಬೇಕಾ? ಇಂಥ ಪರೀಕ್ಷೆಗಳಿಗೆ ಕಡಿವಾಣ ಬಿದ್ದದ್ದು 1965ರ ಮತದಾನ ಹಕ್ಕು ಕಾಯಿದೆಯಿಂದ. ಹಾಗಾಗಿ ಪ್ರಜೆ ಅನ್ನುವುದನ್ನೂ ಪುಸ್ತಕವನ್ನೂ ಒಂದೇ ದಾರಕ್ಕೆ ಕಟ್ಟುವ ಮುಂಚೆ ಸ್ವಲ್ಪ ಯೋಚನೆ ಮಾಡಿ.

ಬಾಸ್ಟನ್ ಬಸವನಗುಡಿ:
ಹನುಮ ಅವರೇ, ಓದದಿದ್ದರೆ ವೋಟು ಕಿತ್ಕೊಳ್ಳಿ ಅಂತ ಇಲ್ಲಿ ಯಾರೂ ಹೇಳಿಲ್ಲ.

ಸಾಗರದವರ ಮಾತಿಗೆ ಮಾತ್ರ ತಲೆ ಬಾಗುತ್ತೇನೆ. ಸುಬ್ಬಣ್ಣ ಹೇಳಿದ ಐದರಲ್ಲಿ ಮೂರು ಪಾಲಿನ ಲೆಕ್ಕವನ್ನು ಸಮರ್ಥಿಸಿ ಒಂದು ಲೇಖನವೇ ಇದೆ, 54ನೆಯದು. ಅಲ್ಲಿ ವಾದವನ್ನು ಮ್ಯಾಡಿಸನ್ ತನ್ನ ಬಾಯಲ್ಲಿ ಹೇಳಲ್ಲ, 'ದಕ್ಷಿಣದ ನಮ್ಮ ಸೋದರನೊಬ್ಬ ಹೀಗೆ ಹೇಳಬಹುದು' ಅಂತ ಬೇರೆಯವರ ಬಾಯಿಗೆ ಇಡುತ್ತಾನೆ. ಮ್ಯಾಡಿಸನ್ ತಾನೇ ದಕ್ಷಿಣದ ವರ್ಜೀನಿಯಾದವನು! ಮೊದಲ ಸಲ ಓದಿದಾಗ ನಾನು ಇದನ್ನು ಗಮನಿಸಿರಲಿಲ್ಲ. 10, 51ರ ಜೊತೆ 54ನ್ನೂ ಸೇರಿಸಿ.

ಕೋಳಿಸಾರು ಶಿಕಾಗೋ:
ಅಪ್ಟನ್ ಸಿಂಕ್ಲೇರ್ ಬರೆದ 'ದಿ ಜಂಗಲ್', 1906. ನಮ್ಮೂರಿನ ಕಸಾಯಿಖಾನೆಗಳ ಕಥೆ. ವಲಸೆ ಬಂದ ಲಿಥುವೇನಿಯಾದ ಕುಟುಂಬವೊಂದು ದುಡಿದು ದುಡಿದು ನೆಲಕಚ್ಚುತ್ತದೆ. ಓದಿದ ಜನ ಕೂಲಿಗಳ ಗತಿ ನೋಡಿ ಅಳಲಿಲ್ಲ, ತಮ್ಮ ತಟ್ಟೆಯ ಮಾಂಸ ನೋಡಿ ಹೌಹಾರಿದರು. ಅದೇ ವರ್ಷ ಮಾಂಸ ತಪಾಸಣೆಗೊಂದು, ಆಹಾರ ಮತ್ತು ಔಷಧದ ಶುದ್ಧತೆಗೊಂದು ಕಾನೂನು ಬಂತು. ನಾನು ಗುರಿಯಿಟ್ಟದ್ದು ಜನರ ಎದೆಗೆ, ಬಿದ್ದದ್ದು ಹೊಟ್ಟೆಗೆ ಅಂತ ಸಿಂಕ್ಲೇರ್ ಪೇಚಾಡಿದ. ಕೊನೆಯ ಅಧ್ಯಾಯಗಳು ಬರೀ ಸಮಾಜವಾದದ ಭಾಷಣ, ಹಾರಿಸಿ ಓದಿದರೆ ಪಾಪ ಬರಲ್ಲ.

ಸಾಗರದ ಸೊಸೆ:
ಹನುಮ ಅವರ ಮಾತು ನಿಜ. ಆದರೆ ಓದು ಬರದಂತೆ ತಡೆದವರು, ಓದು ಬರಲ್ಲ ಅಂತ ವೋಟು ತಡೆದವರು ಇಬ್ಬರೂ ಒಂದೇ ಕಡೆಯವರಲ್ಲವಾ? ಓದಬೇಕು ಅನ್ನೋಕೆ ನನಗೆ ಅದೇ ಕಾರಣ.

ಇನ್ನೊಂದು, ಇದು 'ಅವರ' ಕಥೆ ಅಂತ ನಾವು ದೂರ ನಿಲ್ಲೋಕಾಗಲ್ಲ. ಭಗತ್ ಸಿಂಗ್ ಥಿಂಡ್ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು. ಆದರೂ 1923ರಲ್ಲಿ ಸುಪ್ರೀಂ ಕೋರ್ಟು, ನೀನು ಬಿಳಿಯನಲ್ಲ, ನಿನಗೆ ಪೌರತ್ವ ಇಲ್ಲ ಅಂದಿತು. 1946ರ ಕಾನೂನು ಬಂದಮೇಲೆ ಭಾರತೀಯರು ಪ್ರಜೆಗಳಾಗಬಹುದಾಯ್ತು, ಅದೂ ವಲಸೆಗೆ ವರ್ಷಕ್ಕೆ ನೂರು ಜನರ ಕೋಟಾ. ನಮ್ಮಂಥವರಿಗೆ ಬಾಗಿಲು ನಿಜವಾಗಿ ತೆರೆದದ್ದು 1965ರ ವಲಸೆ ಕಾನೂನು. ಹನುಮ ಹೇಳಿದ ಮತದಾನದ ಕಾಯಿದೆ ಬಂದದ್ದು ಆಗಸ್ಟಿನಲ್ಲಿ, ಇದಕ್ಕೆ ಸಹಿ ಬಿದ್ದದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ಎರಡೂ ಒಂದೇ ಗಾಳಿಯಲ್ಲಿ ಬಂದವು. ಲಾಠಿ ಏಟು ತಿಂದವರು ಯಾರೋ, ಸೂಟ್‌ಕೇಸ್ ಹಿಡಿದು ಇಳಿದವರು ನಾವು.

ತಡವಾಗಿ ಬಂದವಳು:
ಟೋಕ್‌ವಿಲ್ ಹೆಸರು ಯಾರೂ ಎತ್ತಲಿಲ್ಲವಲ್ಲ. 25ರ ಫ್ರೆಂಚ್ ಹುಡುಗ, 1831ರಲ್ಲಿ ಜೈಲುಗಳನ್ನು ನೋಡೋಕೆ ಅಂತ ಬಂದು, ಒಂಬತ್ತು ತಿಂಗಳು ಸುತ್ತಿ, 'ಡೆಮಾಕ್ರಸಿ ಇನ್ ಅಮೆರಿಕ' ಬರೆದ. ದಪ್ಪ ಪುಸ್ತಕ. ನಾನು ಅರ್ಧಕ್ಕೆ ಎರಡು ಸಲ ಬಿಟ್ಟವಳು. ಆದರೆ ಒಂದು ಪುಟ ನನ್ನನ್ನು ಬಿಟ್ಟಿಲ್ಲ. ಕೊರೆಯುವ ಚಳಿಗಾಲ. ಮೆಂಫಿಸ್ ಹತ್ತಿರ, ನೆಲ ಕಳೆದುಕೊಂಡ ಚಾಕ್ಟಾ ಅನ್ನುವ ಮೂಲನಿವಾಸಿ ಜನ ಮಿಸಿಸಿಪ್ಪಿ ನದಿ ದಾಟುತ್ತಿದ್ದಾರೆ. ಗಾಯಾಳುಗಳು, ಹಸುಗೂಸುಗಳು, ಸಾಯುವ ಮುದುಕರು. ಯಾರೂ ಅಳುತ್ತಿಲ್ಲ. ಅವರ ನಾಯಿಗಳು ಇನ್ನೂ ದಡದಲ್ಲೇ ಇವೆ. ತಮ್ಮನ್ನು ಬಿಟ್ಟು ಹೋಗುತ್ತಿದ್ದಾರೆ ಅಂತ ಗೊತ್ತಾದ ತಕ್ಷಣ ಎಲ್ಲವೂ ಒಟ್ಟಿಗೆ ಊಳಿಟ್ಟು, ಮಂಜುಗಟ್ಟಿದ ನೀರಿಗೆ ಹಾರಿ, ದೋಣಿಯ ಹಿಂದೆ ಈಜತೊಡಗುತ್ತವೆ.

ಇಲ್ಲೇ ಹುಟ್ಟಿದವರು ಇದನ್ನು ನೋಡಿಯೂ ಬರೆಯದೆ ಬಿಟ್ಟಿದ್ದಿರಬಹುದು. ಹೊರಗಿನವನು ಬರೆದ.

ಕೋಳಿಸಾರು ಶಿಕಾಗೋ:
ಊಟದ ಹೊತ್ತಿಗೆ ಇದನ್ನು ಓದಿದೆ. ಇನ್ನು ಊಟ ಇಳಿಯಲ್ಲ.

ಸುಮ್ನೆ ಸುಬ್ಬಣ್ಣ:
ಜಂಗಲ್ ಓದಿಯೂ ಇಳಿದ ಊಟ ನಿಮ್ಮದು.

ಹಸಿರು ಕಾರ್ಡು ಹನುಮ:
ಸರಿ, ನನ್ನದೂ ಒಂದು ಬರೆದುಕೊಳ್ಳಿ. ಪುಸ್ತಕ ಅಲ್ಲ, ಪತ್ರ. ಮಾರ್ಟಿನ್ ಲೂಥರ್ ಕಿಂಗ್ ಬರ್ಮಿಂಗ್‌ಹ್ಯಾಮ್ ಜೈಲಿನಿಂದ 1963ರ ಏಪ್ರಿಲ್‌ನಲ್ಲಿ ಬರೆದದ್ದು. ಸ್ವಲ್ಪ ತಾಳ್ಮೆ ಇರಲಿ ಅಂತ ಎಂಟು ಜನ ಬಿಳಿಯ ಧರ್ಮಗುರುಗಳು ಪತ್ರಿಕೆಯಲ್ಲಿ ಹೇಳಿಕೆ ಕೊಟ್ಟಿದ್ದರು. ಕಿಂಗ್ ಕೈಗೆ ಸಿಕ್ಕ ಪತ್ರಿಕೆಯ ಅಂಚಿನಲ್ಲೇ ಉತ್ತರ ಶುರು ಮಾಡಿದರು. 'ಕಾಯಿರಿ' ಅಂದರೆ ಬಹುಪಾಲು 'ಯಾವತ್ತೂ ಇಲ್ಲ' ಅಂತಲೇ ಅರ್ಥ ಅಂತ ಬರೆದರು. ಹಸಿರು ಕಾರ್ಡಿನ ಸಾಲಿನಲ್ಲಿ ಹನ್ನೊಂದು ವರ್ಷ ನಿಂತವನು ನಾನು. ಅವರದಕ್ಕೆ ನನ್ನದನ್ನು ಹೋಲಿಸಬಾರದು, ಗೊತ್ತು. ಆದರೂ ಆ ಸಾಲಿಗೆ ಬಂದಾಗ ಪುಸ್ತಕ ಮುಚ್ಚಿಟ್ಟು ಸುಮ್ನೆ ಕೂತಿದ್ದೆ.

ಡಲ್ಲಾಸ್ ದಾವಣಗೆರೆ:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಸಂದರ್ಶನ ಮುಗಿಯಿತು, ಪಾಸು. ಆರು ಸರಿಯಾದ ತಕ್ಷಣ ಸಾಕು ಅಂದರು. ಫೆಡರಲಿಸ್ಟ್ ಪ್ರಶ್ನೆ ಬರಲೇ ಇಲ್ಲ! ಆಮೇಲೆ ಒಂದು ವಾಕ್ಯ ಗಟ್ಟಿಯಾಗಿ ಓದಿಸಿದರು, ಒಂದು ವಾಕ್ಯ ಬರೆಸಿದರು. ಹನುಮ ಅವರ ಗುಮಾಸ್ತ ನೆನಪಾಗಿ ಕೈ ಸ್ವಲ್ಪ ನಡುಗಿತು. ಎದುರಿಗಿದ್ದ ಹೆಂಗಸು ಒಳ್ಳೆಯವರು, ನಕ್ಕರು.

ಲೈಬ್ರರಿಯಿಂದ ಡಗ್ಲಸ್ ತಂದೆ. ಹಡಗಿನ ಮರದ ತುಂಡಿನವರೆಗೆ ಓದಿದ್ದೆ, ಅಷ್ಟರಲ್ಲಿ ಮಗಳು ತನ್ನ ರೂಮಿಗೆ ಒಯ್ದಳು. ವಾಪಸ್ ಕೊಡುವ ತಾರೀಖು ದಾಟಿ ನಾಲ್ಕು ದಿನ ಆಯ್ತು. ಬಾಸ್ಟನ್ ಅವರೇ, ಅದು ಬರುವವರೆಗೆ ನಿಮ್ಮ 54 ಓದುತ್ತಿದ್ದೇನೆ. ನಿಮ್ಮ ಮ್ಯಾಡಿಸನ್ ಜೊತೆ ನನಗೆ ಸ್ವಲ್ಪ ಜಗಳ ಇದೆ. ಶನಿವಾರ ಬರೆಯುತ್ತೇನೆ, ಇರಿ.