ಬೈಕ್ ಅಂದ ಕೂಡಲೇ ತಪ್ಪು ನಮ್ಮದೇನಾ?

ಪ್ರಶ್ನೆ:
ಎದುರಿಂದ ಬಂದ ಕಾರು ಇಂಡಿಕೇಟರ್ ಹಾಕದೆ ನನಗೆ ಅಡ್ಡ ತಿರುಗಿತು. ಮೊಣಕಾಲ ಕೆಳಗೆ ಮೂಳೆ ಮುರಿದು ಒಂಬತ್ತು ದಿನದಿಂದ ಮಲಗಿದ್ದೀನಿ. ವಿಮೆಯವರ ಮೊದಲ ಮಾತೇ "ಎಷ್ಟು ಸ್ಪೀಡಲ್ಲಿದ್ರಿ?" ನಲವತ್ತು ಅಂದೆ, ನಕ್ಕರು. ಕಪ್ಪು ಜಾಕೆಟ್, ದೊಡ್ಡ ಬೈಕ್. ಅಷ್ಟಕ್ಕೇ ತೀರ್ಪು ಆಗಿಹೋಯ್ತು. ಏನ್ ಮಾಡ್ಲಿ?

ಉತ್ತರ 1:
ಬೈಕ್ ರಿಪೇರಿಗೆ ಕೊಡಬೇಡಿ. ಎಲ್ಲಿ ನುಜ್ಜಾಗಿದೆ, ಎಷ್ಟು ಒಳಗೆ ಹೋಗಿದೆ ಅಂತ ನೋಡಿ ವೇಗ ಅಂದಾಜು ಮಾಡೋ ತಜ್ಞರಿದ್ದಾರೆ. ನನ್ನನ್ನ ಉಳಿಸಿದ್ದು ಎದುರು ಕಟ್ಟಡದ ಸಿಸಿಟಿವಿ. ಹಳೇದರ ಮೇಲೆ ಹೊಸದು ರೆಕಾರ್ಡ್ ಆಗಿಬಿಡುತ್ತೆ, ಇವತ್ತೇ ಯಾರನ್ನಾದ್ರೂ ಕಳಿಸಿ.

ಉತ್ತರ 2:
ಕಾರಿನವರು "ಬೈಕ್ ಕಾಣಲೇ ಇಲ್ಲ, ಎಲ್ಲಿಂದ ಬಂತೋ" ಅಂದಿದ್ದಾರಾ? ಆ ಮಾತು ದಾಖಲಾಗಲಿ. ಅದು ನಿಮ್ಮ ವೇಗಕ್ಕೆ ಸಾಕ್ಷಿ ಅಲ್ಲ, ಅವರು ಸರಿಯಾಗಿ ನೋಡಲಿಲ್ಲ ಅನ್ನೋದಕ್ಕೆ ಸಾಕ್ಷಿ. ಲಾಸ್ ಏಂಜಲೀಸ್‌ನ 900 ಬೈಕ್ ಅಪಘಾತಗಳನ್ನ ಸ್ಥಳಕ್ಕೇ ಹೋಗಿ ಪರಿಶೀಲಿಸಿದ ಹರ್ಟ್ ವರದಿ 1981ರಲ್ಲೇ ಹೇಳಿತ್ತು: ಬೇರೆ ವಾಹನ ಸೇರಿದ್ದ ಅಪಘಾತಗಳಲ್ಲಿ ಸುಮಾರು ಮೂರನೇ ಎರಡು ಪಾಲು, ಬೈಕಿಗೆ ದಾರಿ ಬಿಡದ ಆ ವಾಹನದವರದ್ದೇ ತಪ್ಪು. ಅಂದಹಾಗೆ, ಹೆಲ್ಮೆಟ್ ಎಲ್ಲಿದೆ?

ಪ್ರಶ್ನೆ ಕೇಳಿದವರು:
ಗೀರು ಬಿದ್ದಿದೆ ಅಂತ ಬಿಸಾಕೋದ್ರಲ್ಲಿದ್ದೆ!

ಉತ್ತರ 2:
ಒರೆಸಲೂಬೇಡಿ ಮಾರಾಯ್ರೆ.