ಮಗಳಿಗೆ ಡಿಸ್ಲೆಕ್ಸಿಯಾ ಇದೆ ಎಂಬುದನ್ನು ಅವಳಿಗೆ ಹೇಗೆ ತಿಳಿಸಬೇಕು?

ಪ್ರಶ್ನೆ — ಶಿವಮೊಗ್ಗದ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಈಗ 13 ವರ್ಷ. ಕನ್ನಡ ಮಾಧ್ಯಮದಲ್ಲಿ ಎಂಟನೆಯ ತರಗತಿ ಓದುತ್ತಿದ್ದಾಳೆ. ಚಿಕ್ಕಂದಿನಿಂದಲೂ ಮಾತಿನಲ್ಲಿ ಚುರುಕು. ಕೇಳಿದ ಕಥೆಯನ್ನು ಒಂದು ಎಳೆಯೂ ಬಿಡದೆ ಮರಳಿ ಹೇಳುತ್ತಾಳೆ, ವಿಜ್ಞಾನದ ಪಾಠವನ್ನು ಬಾಯಲ್ಲಿ ಕೇಳಿದರೆ ತಪ್ಪಿಲ್ಲದೆ ವಿವರಿಸುತ್ತಾಳೆ. ಆದರೆ ಅದೇ ಪಾಠವನ್ನು ಪುಸ್ತಕ ಹಿಡಿದು ಓದು ಎಂದರೆ ಪ್ರತಿ ಸಾಲಿನಲ್ಲೂ ತಡವರಿಸುತ್ತಾಳೆ, ಉಕ್ತಲೇಖನ ಬರೆಯುವಾಗ ಒತ್ತಕ್ಷರಗಳನ್ನು ಬಿಟ್ಟುಬಿಡುತ್ತಾಳೆ. ಇತ್ತೀಚೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗಿ ತಪಾಸಣೆ ಮಾಡಿಸಿದೆವು. ಬುದ್ಧಿಮತ್ತೆ ವಯಸ್ಸಿಗೆ ತಕ್ಕಂತೆ ಚೆನ್ನಾಗಿಯೇ ಇದೆ, ಓದು ಮತ್ತು ಬರವಣಿಗೆಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ, ಅಂದರೆ ಡಿಸ್ಲೆಕ್ಸಿಯಾ, ಇದೆ ಎಂದು ವರದಿ ಬಂದಿದೆ.

ಆ ವರದಿಯಲ್ಲಿ ಏನಿದೆ ಎಂಬುದನ್ನು ನಾವು ಇನ್ನೂ ಅವಳಿಗೆ ಹೇಳಿಲ್ಲ. ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಹೇಳುವುದು ಬೇಡ, ಮನಸ್ಸು ಕುಗ್ಗುತ್ತದೆ ಎಂಬುದು ಯಜಮಾನರ ಅಭಿಪ್ರಾಯ. ಹೆಣ್ಣುಮಗಳಿಗೆ ಇಂಥದೊಂದು ಹೆಸರು ಅಂಟಿಕೊಂಡರೆ ಮುಂದೆ ಸಂಬಂಧ ಕೂಡಿಬರುವುದು ಕಷ್ಟವಾದೀತು ಎಂಬುದು ಅತ್ತೆಯವರ ಆತಂಕ.

ನನ್ನನ್ನು ಕಾಡುತ್ತಿರುವುದು ಬೇರೆಯೇ. ಮರುದಿನ ತರಗತಿಯಲ್ಲಿ ಗಟ್ಟಿಯಾಗಿ ಓದುವ ಸರದಿ ಬರಬಹುದು ಎಂದು ಗೊತ್ತಾದರೆ, ಹಿಂದಿನ ರಾತ್ರಿ ಐದನೆಯ ತರಗತಿಯಲ್ಲಿರುವ ತಮ್ಮನಿಂದ ಆ ಪಾಠವನ್ನು ಓದಿಸಿಕೊಂಡು ಬಾಯಿಪಾಠ ಮಾಡಿಕೊಳ್ಳುತ್ತಾಳೆ. ಶಾಲೆಯಲ್ಲಿ ಸಾಲಿನ ಮೇಲೆ ಬೆರಳಾಡಿಸುತ್ತಾ ನೆನಪಿನಿಂದಲೇ ಒಪ್ಪಿಸುತ್ತಾಳೆ. ಒಮ್ಮೆ ಶಿಕ್ಷಕರು ನಡುವಿನ ಪ್ಯಾರಾದಿಂದ ಓದಲು ಹೇಳಿದಾಗ ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ ನಿಂತುಬಿಟ್ಟಳಂತೆ. ಆ ಬಳಿಕ ಕನ್ನಡದ ಪೀರಿಯಡ್ ಇರುವ ದಿನ ಬೆಳಿಗ್ಗೆ ಹೊಟ್ಟೆನೋವು ಎನ್ನುತ್ತಾಳೆ. ಈ ವಯಸ್ಸಿನ ಮಗುವಿಗೆ ವಿಷಯವನ್ನು ಹೇಳಬೇಕೇ, ಹೇಳುವುದಾದರೆ ಯಾವ ಮಾತುಗಳಲ್ಲಿ ಹೇಳಬೇಕು ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1 — ವಿಶೇಷ ಶಿಕ್ಷಕಿ, ಮೈಸೂರು

ಮೇಡಂ, ಹೇಳಲೇಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ; ಎಸ್ಸೆಸ್ಸೆಲ್ಸಿವರೆಗೆ ಕಾಯುವುದು ಬೇಡ. ತನ್ನಲ್ಲಿ ಏನೋ ಬೇರೆಯಾಗಿದೆ ಎಂಬುದು ನಿಮ್ಮ ಮಗಳಿಗೆ ಈಗಾಗಲೇ ಗೊತ್ತಿದೆ. ಗೊತ್ತಿಲ್ಲದಿದ್ದರೆ ರಾತ್ರಿಯೆಲ್ಲ ಕುಳಿತು ಪಾಠವನ್ನು ಬಾಯಿಪಾಠ ಮಾಡುವ ಅಗತ್ಯವೇ ಅವಳಿಗೆ ಬರುತ್ತಿರಲಿಲ್ಲ. ಗೊತ್ತಿಲ್ಲದಿರುವುದು ಅದರ ಕಾರಣ ಮಾತ್ರ. ದೊಡ್ಡವರು ಕಾರಣ ಹೇಳದೆ ಉಳಿದಾಗ ಮಕ್ಕಳು ತಾವೇ ಒಂದು ಕಾರಣವನ್ನು ಕಟ್ಟಿಕೊಳ್ಳುತ್ತಾರೆ, ಮತ್ತು ನನ್ನ ಬಳಿಗೆ ಬಂದ ಮಕ್ಕಳಲ್ಲಿ ಹೆಚ್ಚಿನವರು ಕಟ್ಟಿಕೊಂಡಿದ್ದ ಕಾರಣ "ನಾನು ದಡ್ಡಿ", "ನಾನು ದಡ್ಡ" ಎಂಬುದೇ ಆಗಿತ್ತು. ಹದಿಮೂರರ ವಯಸ್ಸಿನಲ್ಲಿ ಆ ನಂಬಿಕೆ ಒಮ್ಮೆ ಬೇರೂರಿದರೆ ಅದನ್ನು ಕೀಳುವುದು ಓದು ಕಲಿಸುವುದಕ್ಕಿಂತ ಕಷ್ಟ. ಹೊಟ್ಟೆನೋವನ್ನು ನೆಪವೆಂದು ತಳ್ಳಿಹಾಕಬೇಡಿ. ಆತಂಕದಿಂದ ನಿಜವಾಗಿಯೂ ಹೊಟ್ಟೆ ನೋಯುತ್ತದೆ, ಕಲಿಕಾ ನ್ಯೂನತೆಯಿರುವ ಮಕ್ಕಳಲ್ಲಿ ಆತಂಕ ಮತ್ತು ಖಿನ್ನತೆ ಉಳಿದವರಿಗಿಂತ ಹೆಚ್ಚಾಗಿ ಕಂಡುಬರುತ್ತವೆ.

ಪರೀಕ್ಷೆಯ ಹಿಂದಿನ ದಿನ, ನೆಂಟರ ಎದುರು ಅಥವಾ ಅಂಕಪಟ್ಟಿ ಕೈಯಲ್ಲಿ ಹಿಡಿದು ಈ ಮಾತನ್ನು ಎತ್ತಬೇಡಿ. ಅವಳು ಮತ್ತು ನೀವು ಇಬ್ಬರೇ ಇರುವಾಗ, ಸೊಪ್ಪು ಬಿಡಿಸುವಂಥ ಯಾವುದಾದರೂ ಕೆಲಸ ಕೈಯಲ್ಲಿರುವಾಗ ಹೇಳಿದರೆ, ಮುಖ ನೋಡಿಕೊಂಡು ಕುಳಿತುಕೊಳ್ಳಬೇಕಾದ ಮುಜುಗರ ಇಬ್ಬರಿಗೂ ಇರುವುದಿಲ್ಲ. ಎಲ್ಲವನ್ನೂ ಒಂದೇ ಸಲ ಹೇಳಿ ಮುಗಿಸಬೇಕಾಗಿಯೂ ಇಲ್ಲ.

ಏನು ಹೇಳಬೇಕು ಎಂಬುದಕ್ಕೆ ನಾನು ಅನುಸರಿಸುವ ಕ್ರಮವನ್ನು ವಿವರಿಸುತ್ತೇನೆ. ಮಾತಾಡುವುದನ್ನು ಮನುಷ್ಯರು ಕೇಳಿ ಕೇಳಿ ತಾವಾಗಿಯೇ ಕಲಿಯುತ್ತಾರೆ, ಆದರೆ ಓದುವುದನ್ನು ಯಾರಾದರೂ ಕಲಿಸಲೇಬೇಕು, ಏಕೆಂದರೆ ಕಣ್ಣು ಕಂಡ ಗುರುತನ್ನು ಕಿವಿಗೆ ಗೊತ್ತಿರುವ ಶಬ್ದದೊಂದಿಗೆ ಮಿದುಳು ಹೊಸದಾಗಿ ಜೋಡಿಸಬೇಕಾಗುತ್ತದೆ ಎಂದು ಮೊದಲು ಹೇಳುತ್ತೇನೆ. ನಂತರ ಕಾಗದದ ಮೇಲೆ "ವಿದ್ಯಾರ್ಥಿ" ಎಂದು ಬರೆಯುತ್ತೇನೆ. ಕೊನೆಯ ಅಕ್ಷರದಲ್ಲಿ ಕಣ್ಣಿಗೆ ಮೊದಲು ಕಾಣುವುದು ಥಿ, ಅದರ ಬಲಕ್ಕೆ ಅರ್ಕಾವೊತ್ತು. ಬಾಯಲ್ಲಿ ಮಾತ್ರ ರಕಾರ ಮೊದಲು ಬರಬೇಕು. "ಸ್ತ್ರೀ" ಎಂಬಲ್ಲಿ ಗುಡಿಸು ಮತ್ತು ದೀರ್ಘ ಸಕಾರಕ್ಕೆ ಅಂಟಿಕೊಂಡಿವೆ, ಆದರೆ ಆ ಸ್ವರವನ್ನು ನಾವು ಉಚ್ಚರಿಸುವುದು ಕೆಳಗಿರುವ ತ ಮತ್ತು ರ ಒತ್ತುಗಳೆರಡನ್ನೂ ದಾಟಿದ ಮೇಲೆ. ಓದು ಬಲ್ಲವರಿಗೆ ಈ ಹಿಂದುಮುಂದು ಗಮನಕ್ಕೇ ಬರುವುದಿಲ್ಲ. ನಿನ್ನ ಮಿದುಳು ಈ ಜೋಡಣೆಯನ್ನು ಮಾಡಬಲ್ಲದು, ಆದರೆ ಪ್ರತಿ ಸಲವೂ ಹೊಸದಾಗಿ ಎಂಬಂತೆ ಲೆಕ್ಕ ಹಾಕುತ್ತದೆ, ಆದ್ದರಿಂದ ಹೊತ್ತು ಹಿಡಿಯುತ್ತದೆ, ದಣಿವಾಗುತ್ತದೆ, ಇದಕ್ಕೆ ಡಿಸ್ಲೆಕ್ಸಿಯಾ ಎನ್ನುತ್ತಾರೆ ಎಂದು ವಿವರಿಸುತ್ತೇನೆ. ಇಷ್ಟು ಕೇಳಿದ ಮೇಲೆ ಎಷ್ಟೋ ಮಕ್ಕಳು ತಮಗೆ ತೊಡಕಾಗುವ ಇತರ ಅಕ್ಷರಗಳನ್ನು ತಾವೇ ತೋರಿಸತೊಡಗುತ್ತಾರೆ. ‘ಬ’ಕ್ಕೂ ‘ಭ’ಕ್ಕೂ, ‘ಪ’ಕ್ಕೂ ‘ಷ’ಕ್ಕೂ ನಡುವಿನ ಚಿಕ್ಕ ವ್ಯತ್ಯಾಸಗಳನ್ನು ಅವರು ನಮಗಿಂತ ಹತ್ತಿರದಿಂದ ನೋಡಿರುತ್ತಾರೆ.

ಕನ್ನಡದ ಲಿಪಿಯನ್ನು ಪೂರ್ತಿ ಒಲಿಸಿಕೊಳ್ಳಲು ಎಲ್ಲ ಮಕ್ಕಳಿಗೂ ಕಾಲ ಬೇಕು ಎಂಬುದನ್ನೂ ಸೇರಿಸಿ ಹೇಳಿ. ಇಂಗ್ಲಿಷ್‌ಗೆ ಹೋಲಿಸಿದರೆ ಕನ್ನಡದ ಅಕ್ಷರಜ್ಞಾನ ನಿಧಾನವಾಗಿ, ಪ್ರಾಥಮಿಕ ಶಾಲೆಯ ಮೊದಲ ವರ್ಷಗಳನ್ನು ದಾಟಿ ಬೆಳೆಯುತ್ತದೆ ಎಂದು ಸಂಶೋಧಕಿ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದೆ. ಅದರ ಮೇಲೆ ಹಿಂದಿ, ಇಂಗ್ಲಿಷ್ ಸೇರಿ ಮೂರು ಲಿಪಿಗಳ ಹೊರೆ ನಮ್ಮ ಮಕ್ಕಳ ಮೇಲಿದೆ.

ಸಮಾಧಾನ ಮಾಡುವ ಭರದಲ್ಲಿ ಸುಳ್ಳು ಹೇಳಬಾರದು. ಇದು ಔಷಧಿಯಿಂದ ಹೋಗುವುದಿಲ್ಲ, ದೊಡ್ಡವಳಾದ ಮೇಲೆ ತಾನಾಗಿಯೇ ಮಾಯವಾಗುವುದೂ ಇಲ್ಲ. ಕ್ರಮಬದ್ಧವಾಗಿ, ಶಬ್ದ ಮತ್ತು ಅಕ್ಷರವನ್ನು ಜೋಡಿಸಿ ಕಲಿಸಿದರೆ ಓದು ಖಂಡಿತ ಸುಧಾರಿಸುತ್ತದೆ, ವೇಗ ಮಾತ್ರ ಸ್ವಲ್ಪ ಕಡಿಮೆಯೇ ಇರಬಹುದು. ಐನ್‌ಸ್ಟೈನ್‌ಗೂ ಹೀಗೇ ಇತ್ತು, ಇದೊಂದು ವರ ಎಂಬ ಮಾತುಗಳನ್ನು ನಾನು ಬಳಸುವುದಿಲ್ಲ. ಐನ್‌ಸ್ಟೈನ್ ಕುರಿತ ಆ ಮಾತಿಗೆ ಗಟ್ಟಿ ಆಧಾರವಿಲ್ಲ ಎಂಬುದು ಒಂದು ಕಾರಣ; ದಿನವೂ ಕಷ್ಟಪಡುತ್ತಿರುವ ಹುಡುಗಿಗೆ ನಿನ್ನ ಕಷ್ಟವೇ ವರ ಎಂದರೆ ಅವಳ ಶ್ರಮವನ್ನು ನಾವು ಕಂಡೇ ಇಲ್ಲವೆಂದಾಗುತ್ತದೆ ಎಂಬುದು ಇನ್ನೊಂದು. ಅವಳಲ್ಲಿ ನಿಜವಾಗಿ ಇರುವ ಬಲವನ್ನು ಹೆಸರಿಸಿ: ಒಂದು ರಾತ್ರಿಯಲ್ಲಿ ಇಡೀ ಪಾಠವನ್ನು ಕಿವಿಯಿಂದ ಕಲಿಯುವ ನೆನಪಿನ ಶಕ್ತಿ ಸಣ್ಣದಲ್ಲ.

ಉತ್ತರ 2 — ಧಾರವಾಡದ ಡಿಪ್ಲೊಮಾ ವಿದ್ಯಾರ್ಥಿ

ಮೇಡಂ, ನನಗೆ ಡಿಸ್ಲೆಕ್ಸಿಯಾ ಮತ್ತು ಡಿಸ್‌ಗ್ರಾಫಿಯಾ (ಬರವಣಿಗೆಯ ತೊಡಕು) ಎರಡೂ ಇವೆ. ಈ ಉತ್ತರವನ್ನು ಫೋನಿಗೆ ಬಾಯಲ್ಲಿ ಹೇಳಿ ಬರೆಸಿ, ಅಕ್ಕನಿಂದ ತಿದ್ದಿಸಿಕೊಂಡಿದ್ದೇನೆ. ನನಗೆ ವಿಷಯ ತಿಳಿದದ್ದು ಒಂಬತ್ತನೆಯ ತರಗತಿಯಲ್ಲಿ. ಅಲ್ಲಿಯವರೆಗೆ ಮನೆಯಲ್ಲಿ ಪಿಸುಮಾತು ನಡೆಯುತ್ತಿತ್ತು, ನಾನು ಬಂದೊಡನೆ ನಿಲ್ಲುತ್ತಿತ್ತು. ಅದರಿಂದ ನನಗೆ ಯಾವುದೋ ದೊಡ್ಡ ಕಾಯಿಲೆ ಇದೆ ಎಂದೇ ಅಂದುಕೊಂಡಿದ್ದೆ. ಹೆಸರು ತಿಳಿದ ದಿನ ಅತ್ತದ್ದು ನಿಜ, ಆದರೆ ಅದು ದುಃಖದಿಂದಲ್ಲ. ಸೋಮಾರಿ ಎನ್ನುತ್ತಿದ್ದವರಿಗೆ ಕೊಡಲು ನನ್ನ ಬಳಿ ಕೊನೆಗೂ ಒಂದು ಉತ್ತರವಿತ್ತು.

ಹೇಳಿದ ಮೇಲೆ ಮುಂದಿನ ತೀರ್ಮಾನಗಳಲ್ಲಿ ನಿಮ್ಮ ಮಗಳನ್ನೂ ಕೂಡಿಸಿಕೊಳ್ಳಿ ಎಂದು ವಿಶೇಷವಾಗಿ ಕೇಳಿಕೊಳ್ಳುತ್ತೇನೆ. ಯಾವ ಶಿಕ್ಷಕರಿಗೆ ತಿಳಿಸಬೇಕು, ಗೆಳತಿಯರಿಗೆ ಹೇಳಬೇಕೇ ಬೇಡವೇ, ಮುಂದಿನ ಬೆಂಚಿನಲ್ಲಿ ಕೂರಬೇಕೇ ಎಂಬುದನ್ನು ಅವಳನ್ನೇ ಕೇಳಿ. ನನ್ನ ಶಾಲೆಯಲ್ಲಿ ಒಬ್ಬ ಶಿಕ್ಷಕರು ಒಳ್ಳೆಯ ಮನಸ್ಸಿನಿಂದಲೇ ಇಡೀ ತರಗತಿಯ ಎದುರು ನನ್ನ ವಿಷಯವನ್ನು ಹೇಳಿಬಿಟ್ಟರು, ಆ ನಂತರದ ತಿಂಗಳುಗಳು ಹಿಂದಿನ ಎಲ್ಲ ವರ್ಷಗಳಿಗಿಂತ ಕಠಿಣವಾದವು. ಯಾರಿಗೆ ಹೇಳಬೇಕು ಎಂಬ ಹಕ್ಕು ನಮ್ಮ ಕೈಯಲ್ಲಿರಬೇಕು. "ಸರ್, ನನಗೆ ಓದಲು ಹೆಚ್ಚು ಸಮಯ ಬೇಕು, ಪ್ರಶ್ನೆಯನ್ನು ಒಮ್ಮೆ ಓದಿ ಹೇಳುತ್ತೀರಾ" ಎಂಬ ಒಂದು ವಾಕ್ಯವನ್ನು ತಡವರಿಸದೆ ಹೇಳುವಷ್ಟು ಧೈರ್ಯ ಬಂದರೆ ಕಾಲೇಜಿನಲ್ಲಿ ಅರ್ಧ ದಾರಿ ಸುಗಮ. ಅದನ್ನು ಮನೆಯಲ್ಲೇ ಅಭ್ಯಾಸ ಮಾಡಿಸಿ.

ಪರೀಕ್ಷೆಗೆ ಬರಹಗಾರರನ್ನು ತೆಗೆದುಕೊಳ್ಳುವುದಾದರೆ ಅದಕ್ಕೂ ಅಭ್ಯಾಸ ಬೇಕು. ಮನಸ್ಸಿನಲ್ಲಿರುವ ಉತ್ತರವನ್ನು ಇನ್ನೊಬ್ಬರು ಬರೆಯುವ ವೇಗಕ್ಕೆ ತುಂಡು ತುಂಡಾಗಿ ಹೇಳುವುದು, ಗಣಿತದಲ್ಲಿ ಯಾವ ಅಂಕಿ ಯಾವ ಗೆರೆಯ ಕೆಳಗೆ ಬರಬೇಕು ಎಂದು ಬಾಯಲ್ಲಿ ವಿವರಿಸುವುದು, ಚಿತ್ರದ ಭಾಗಗಳನ್ನು ಗುರುತಿಸಲು ಹೇಳುವುದು, ಇವೆಲ್ಲ ಬೇರೆಯದೇ ಕೌಶಲ. ಪರೀಕ್ಷೆಯ ದಿನವೇ ಮೊದಲ ಬಾರಿಗೆ ಮಾಡಲು ಹೋದರೆ ಗೊತ್ತಿರುವುದೂ ಮರೆತುಹೋಗುತ್ತದೆ.

ಫೋನಿನಲ್ಲಿ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯವೂ ಮಾತನ್ನು ಅಕ್ಷರಕ್ಕಿಳಿಸುವ ಸೌಲಭ್ಯವೂ ಈಗ ಇವೆ. ಆದರೆ ಪುಸ್ತಕದ ಪಿಡಿಎಫ್ ಯೂನಿಕೋಡ್‌ನಲ್ಲಿ ಇಲ್ಲದೆ ನುಡಿಯಂಥ ಹಳೆಯ ಫಾಂಟ್‌ಗಳಲ್ಲಿದ್ದರೆ ಫೋನು ಅದನ್ನು ಓದಲಾರದೆ ಏನೇನೋ ಉಚ್ಚರಿಸುತ್ತದೆ. ಅಂಥ ಪಾಠಗಳನ್ನು ಮನೆಯವರು ಓದಿ ರೆಕಾರ್ಡ್ ಮಾಡಿಟ್ಟರೆ, ಅವಳು ಪುಸ್ತಕ ತೆರೆದಿಟ್ಟು ಸಾಲುಗಳನ್ನು ಹಿಂಬಾಲಿಸುತ್ತಾ ಎಷ್ಟು ಸಲ ಬೇಕಾದರೂ ಕೇಳಬಹುದು. ನನ್ನ ಅಕ್ಕ ಹತ್ತನೆಯ ತರಗತಿಯ ಸಮಾಜ ವಿಜ್ಞಾನವನ್ನು ಪೂರ್ತಿಯಾಗಿ ಹಾಗೆ ಓದಿಟ್ಟಿದ್ದಳು.

ಉತ್ತರ 3 — ಕನ್ನಡ ಶಿಕ್ಷಕರು, ಸರ್ಕಾರಿ ಪ್ರೌಢಶಾಲೆ, ಹಾಸನ ಜಿಲ್ಲೆ

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತಾ, ಶಾಲೆಯ ಕಡೆಯ ಕೆಲವು ಸಂಗತಿಗಳನ್ನು ಸೇರಿಸುತ್ತೇನೆ. ಅಂಗವಿಕಲರ ಹಕ್ಕುಗಳ ಕಾಯ್ದೆ, 2016 ಪಟ್ಟಿ ಮಾಡಿರುವ 21 ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಆದ್ದರಿಂದ ನಿಮ್ಮ ಮಗಳಿಗೆ ಸಿಗಬೇಕಾದ ಅನುಕೂಲಗಳು ಶಿಕ್ಷಕರ ದಯೆಯನ್ನು ಅವಲಂಬಿಸಿದವಲ್ಲ. ನಿಮ್ಮ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ಅಂದರೆ ಬಿಆರ್‌ಸಿಯಲ್ಲಿ, ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿಯೇ ಬಿಐಇಆರ್‌ಟಿ ಎಂಬ ಶಿಕ್ಷಕರಿರುತ್ತಾರೆ. ಮುಖ್ಯೋಪಾಧ್ಯಾಯರ ಮೂಲಕ ಅವರನ್ನು ಸಂಪರ್ಕಿಸಿ.

ತಪಾಸಣಾ ವರದಿ ಬೇರೆ, ನ್ಯೂನತೆಯ ಪ್ರಮಾಣಪತ್ರ ಬೇರೆ ಎಂಬುದು ಎಷ್ಟೋ ಪೋಷಕರಿಗೆ ತಿಳಿದಿರುವುದಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯು 8 ವರ್ಷ ತುಂಬಿದ ಮಕ್ಕಳಿಗೆ ಪ್ರಮಾಣಪತ್ರ ನೀಡಬೇಕು, 14 ಮತ್ತು 18ನೆಯ ವಯಸ್ಸಿನಲ್ಲಿ ಮತ್ತೆ ಪರಿಶೀಲಿಸಬೇಕು ಎಂದು ಹೇಳಿತ್ತು. ಅದರಲ್ಲಿ ಬಳಸಬೇಕೆಂದು ಸೂಚಿಸಿದ್ದು ನಮ್ಮ ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷೆಗಳನ್ನೇ. ನಿಮ್ಮ ಮಗಳು 14ರ ಹೊಸ್ತಿಲಲ್ಲಿರುವುದರಿಂದ ಈಗ ಜಾರಿಯಲ್ಲಿರುವ ನಿಯಮವನ್ನು ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ, ಒಂಬತ್ತನೆಯ ತರಗತಿಯಲ್ಲೇ ಕಾಗದಪತ್ರಗಳನ್ನು ಸಿದ್ಧಪಡಿಸಿಕೊಳ್ಳಿ. ಹತ್ತನೆಯ ತರಗತಿಯ ಜನವರಿಯಲ್ಲಿ ಓಡಾಡುವ ಪೋಷಕರನ್ನು ಪ್ರತಿ ವರ್ಷ ನೋಡುತ್ತೇನೆ. ಅವರ ಸಂಕಟ ನೋಡಲಾಗುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ, ಬರಹಗಾರರು, ಭಾಷಾ ವಿನಾಯಿತಿ ಮುಂತಾದವುಗಳಿಗೆ ಶಾಲೆಯ ಮೂಲಕವೇ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಗೆ ಅರ್ಜಿ ಹೋಗಬೇಕು. ಹೆಚ್ಚುವರಿ ಸಮಯದ ಬಗ್ಗೆ ಕೇಂದ್ರದ ಮಾರ್ಗಸೂಚಿ ಹೇಳುವುದು ಗಂಟೆಗೆ ಕನಿಷ್ಠ 20 ನಿಮಿಷ, ಎಂದರೆ ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ.

ಭಾಷಾ ವಿನಾಯಿತಿಯ ವಿಷಯದಲ್ಲಿ ಅವಸರ ಬೇಡ ಎಂಬುದು ನನ್ನ ಸ್ವಂತ ನಿಲುವು. ಮೂರು ಭಾಷೆಗಳ ಭಾರ ಇಳಿಸುವುದು ಅನೇಕ ಮಕ್ಕಳಿಗೆ ನಿಜವಾಗಿಯೂ ಉಸಿರಾಡಲು ಜಾಗ ಕೊಡುತ್ತದೆ. ಆದರೆ ಮಗು ಮನೆಯಲ್ಲಿ ಆಡುವ, ಕಥೆ ಕೇಳುವ ಕನ್ನಡವನ್ನೇ ಬಿಡಿಸುವ ಮೊದಲು ಹತ್ತು ಸಲ ಯೋಚಿಸಿ, ರಾಜ್ಯ ಸರ್ಕಾರದ ನೇಮಕಾತಿಗಳಲ್ಲಿ ಕನ್ನಡ ಜ್ಞಾನವನ್ನು ನೋಡುತ್ತಾರೆ ಎಂಬುದನ್ನೂ ಗಮನದಲ್ಲಿಡಿ.

ತರಗತಿಯಲ್ಲಿ ಗಟ್ಟಿಯಾಗಿ ಓದಿಸುವ ಬಗ್ಗೆ ಕನ್ನಡ ಶಿಕ್ಷಕರೊಂದಿಗೆ ನೇರವಾಗಿ ಮಾತಾಡಿ. ನನ್ನ ತರಗತಿಯಲ್ಲಿ ಇಂಥ ಮಕ್ಕಳಿಗೆ ಮರುದಿನ ಓದಬೇಕಾದ ನಾಲ್ಕು ಸಾಲುಗಳನ್ನು ಹಿಂದಿನ ದಿನವೇ ಗುರುತು ಹಾಕಿ ಕೊಡುತ್ತೇನೆ, ಉಳಿದಂತೆ ಅವರು ಕೈ ಎತ್ತದ ಹೊರತು ಓದಿಸುವುದಿಲ್ಲ. ವಿಜ್ಞಾನ, ಸಮಾಜದ ಉತ್ತರಪತ್ರಿಕೆಗಳಲ್ಲಿ ಕಾಗುಣಿತದ ತಪ್ಪಿಗೆ ಅಂಕ ಕಳೆಯದಂತೆ ಸಹೋದ್ಯೋಗಿಗಳನ್ನು ಒಪ್ಪಿಸಿದ್ದೇವೆ. ತಪ್ಪಿದ ಪದವನ್ನು ಹತ್ತು ಸಲ ಬರೆಸುವ ಶಿಕ್ಷೆಯಿಂದ ಡಿಸ್ಲೆಕ್ಸಿಯಾ ಇರುವ ಮಗು ಆ ಪದವನ್ನು ಹತ್ತು ಬಗೆಯಲ್ಲಿ ತಪ್ಪಾಗಿ ಬರೆಯುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ನಿಮ್ಮ ಅತ್ತೆಯವರ ಆತಂಕವನ್ನು ಹಗುರವಾಗಿ ಕಾಣಬೇಡಿ. ನಮ್ಮ ಊರುಗಳಲ್ಲಿ ಅದು ಕಟ್ಟುಕಥೆಯಲ್ಲ. ಪ್ರಮಾಣಪತ್ರವನ್ನು ಯಾರೂ ಸೂಚನಾಫಲಕಕ್ಕೆ ಅಂಟಿಸುವುದಿಲ್ಲ, ಎಸ್ಸೆಸ್ಸೆಲ್ಸಿಯಲ್ಲಿ ಅನುತ್ತೀರ್ಣಳಾಗಿ ಮನೆಯಲ್ಲಿ ಕುಳಿತ ಹುಡುಗಿಯ ಮುಂದಿನ ದಾರಿ ಇದಕ್ಕಿಂತ ಇಕ್ಕಟ್ಟಾಗುತ್ತದೆ ಎಂದು ಅವರಿಗೆ ಸಮಾಧಾನದಿಂದ ತಿಳಿಸಿ ಹೇಳಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಧಾರವಾಡದ ವಿದ್ಯಾರ್ಥಿಯ ಉತ್ತರವನ್ನು ಯಜಮಾನರಿಗೆ ಓದಿ ಹೇಳಿದೆ. ಈ ಭಾನುವಾರ ನಾವಿಬ್ಬರೂ ಕೂಡಿ ಹೇಳೋಣ ಎಂದು ಒಪ್ಪಿದ್ದಾರೆ. ಇನ್ನೊಂದು ಸಂದೇಹ ಉಳಿದಿದೆ. ತಮ್ಮನಿಗೆ ಎಷ್ಟು ಹೇಳಬೇಕು? ಅಕ್ಕನಿಗೆ ಓದಿ ಕೊಡುವವನು ಅವನೇ, ಜಗಳವಾದಾಗ "ನಿನಗೆ ಓದಲಿಕ್ಕೇ ಬರುವುದಿಲ್ಲ" ಎನ್ನುವವನೂ ಅವನೇ.

ಉತ್ತರ — ವಿಶೇಷ ಶಿಕ್ಷಕಿ, ಮೈಸೂರು

ಮೊದಲು ಮಗಳಿಗೆ ಹೇಳಿ, ತಮ್ಮನಿಗೆ ಹೇಳಲು ಅವಳ ಒಪ್ಪಿಗೆ ಪಡೆಯಿರಿ. ಸಾಧ್ಯವಾದರೆ ಅವಳೇ ಅವನಿಗೆ ವಿವರಿಸಲಿ. ಅವನು ಓದಿ ಕೊಡುವುದು ನಿಲ್ಲಬಾರದು, ಆದರೆ ಅದು ರಾತ್ರಿಯ ಗುಟ್ಟಾಗಿ ಉಳಿಯುವುದು ಬೇಡ, ಮನೆಯ ಎಲ್ಲರಿಗೂ ತಿಳಿದಿರುವ ಕೆಲಸವಾಗಲಿ, ಪ್ರತಿಯಾಗಿ ಅವಳು ಅವನಿಗೆ ವಿಜ್ಞಾನ ಹೇಳಿಕೊಡಲಿ. ಜಗಳ ಯಾವ ವಿಷಯಕ್ಕಾದರೂ ಆಗಲಿ, ಓದಿನ ಮಾತು ಮಾತ್ರ ನಡುವೆ ಬರಬಾರದು ಎಂಬ ಒಂದು ನಿಯಮವನ್ನು ಗಟ್ಟಿಯಾಗಿ ಹಾಕಿ. ಜೊತೆಗೆ ಅವನ ಓದನ್ನೂ ಒಮ್ಮೆ ಗಮನಿಸಿ, ಏಕೆಂದರೆ ಇದು ವಂಶವಾಹಿಯಾಗಿ ಕುಟುಂಬಗಳಲ್ಲಿ ಹರಿದುಬರುವಂಥದ್ದು. ಅವನು ಸರಾಗವಾಗಿ ಓದುತ್ತಾನಾದರೂ ಬರವಣಿಗೆ ಮತ್ತು ಮಗ್ಗಿಯ ಕಡೆ ಕಣ್ಣಿಟ್ಟಿರಿ. ಭಾನುವಾರ ಮಾತಾಡಿದ ನಂತರ ಅವಳು ಏನು ಕೇಳಿದಳು ಎಂಬುದನ್ನು ಇಲ್ಲಿ ಬರೆದರೆ, ಮುಂದೆ ಹೇಗೆ ಉತ್ತರಿಸಬೇಕು ಎಂಬುದನ್ನು ಚರ್ಚಿಸೋಣ.