ಮರ್ಫಿ ಅನ್ನೋ ಹೆಸರು ಎಲ್ಲಿಂದ ಬಂತು?

ಕಾರ್ಕ್‌ವಾಸಿ: ಐರ್ಲೆಂಡಿನ ಕಾರ್ಕ್‌ಗೆ ಬಂದು 8 ತಿಂಗಳಾಯಿತು. ನಮ್ಮ 9 ಜನರ ತಂಡದಲ್ಲಿ 3 ಮರ್ಫಿಗಳು! ಸಂಬಂಧಿಕರಾ ಅಂತ ಕೇಳಿದೆ, ಮೂವರೂ ನಕ್ಕರು. ನನಗೆ ಮರ್ಫಿ ಅಂದರೆ ಅಜ್ಜಿ ಮನೆಯ ರೇಡಿಯೋ ಅಷ್ಟೇ. ಇಲ್ಲಿ ಯಾಕಿಷ್ಟು ಜಾಸ್ತಿ?

ಹಳೇಪುಟ: ಐರಿಷ್‌ನಲ್ಲಿ ಅದು ‘ಓ ಮುರಖೂ’. ‘ಮುಯಿರ್’ ಅಂದರೆ ಕಡಲು, ‘ಕಾಹ್’ ಅಂದರೆ ಕಾಳಗ. ಎರಡೂ ಸೇರಿ ಒಂದು ಗಂಡಸಿನ ಹೆಸರು, ನಮ್ಮ ಮಾತಲ್ಲಿ ಕಡಲ ಕಲಿ. ‘ಓ’ ಅಂದರೆ ಮೊಮ್ಮಗ, ಆ ವಂಶದವನು. ಹಿಂದೆ ಈ ಹೆಸರಿನವರು ತುಂಬಾ ಇದ್ದರು. ಹಾಗಾಗಿ ಕಾರ್ಕ್, ವೆಕ್ಸ್‌ಫರ್ಡ್ ಕಡೆ ಒಂದಕ್ಕೊಂದು ನಂಟಿಲ್ಲದ ಮನೆತನಗಳು ಹುಟ್ಟಿಕೊಂಡವು. ನಿಮ್ಮವರು ನಕ್ಕಿದ್ದು ಅದಕ್ಕೇ. 1890ರ ಜನನ ನೋಂದಣಿಯಲ್ಲೂ ಐರ್ಲೆಂಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕಂಡ ಮನೆತನದ ಹೆಸರು ಇದೇ. ಇಂಗ್ಲಿಷಿಗೆ ಬರುವಾಗ ‘ಓ’ ಉದುರಿಹೋಯಿತು. ಹೆಣ್ಣುಮಕ್ಕಳಿಗೆ ಐರಿಷ್‌ನಲ್ಲಿ ‘ಓ’ ಬದಲು ‘ನೀ’ ಬರುತ್ತದೆ, ಆಗ ‘ಮ’ ಕೂಡ ‘ವ’ ಆಗುತ್ತದೆ: ‘ನೀ ವುರಖೂ’.

ಕಾರ್ಕ್‌ವಾಸಿ: ಅಯ್ಯೋ! ಅವರಲ್ಲೊಬ್ಬ ಹೇಳಿ ತೋರಿಸಿದಾಗ ನನಗೆ ‘ಮೂರ್ಖ’ ಅಂತ ಕೇಳಿಸಿತ್ತು. ಸದ್ಯ, ಸುಮ್ನೆ ಇದ್ದೆ.

ಹಲಸೂರಿನವ: ನಿಮ್ಮಜ್ಜಿ ರೇಡಿಯೋ ಕಂಪನಿ ಹುಟ್ಟಿದ್ದು ಇಂಗ್ಲೆಂಡಲ್ಲಿ, 1929ರಲ್ಲಿ. ಶುರು ಮಾಡಿದವರಲ್ಲೊಬ್ಬ ಫ್ರಾಂಕ್ ಮರ್ಫಿ. ಬೆಂಗಳೂರಲ್ಲಿ ನಮ್ಮ ಹಲಸೂರಿನ ಪಕ್ಕದ ಮರ್ಫಿ ಟೌನ್ ಮರೆತೇಬಿಟ್ರಲ್ವಾ?